ಒಂದು ಕಿವಿ ಹಾಡಿಗೆ, ಒಂದು ಕಿವಿ ಮನೆಗೆ

ಏನನ್ನೋ ಹುಡುಕುವಾಗ ಇನ್ನೇನೋ ಸಿಕ್ಕಿ ಹಳೆಯದೆಲ್ಲ ನೆನಪಾಯಿತು ಎಂದು ಬರೆಯುವವರಿದ್ದಾರೆ. ನನಗೆ ಹಾಗಾಗಲಿಲ್ಲ. ಎಲ್ಲಿದೆ ಎಂದು ಚೆನ್ನಾಗಿ ಗೊತ್ತಿದ್ದೇ ಬೀರು ತೆರೆದೆ. ಸೀರೆಗಳ ಕೆಳಗೆ, ಕುಂಕುಮದ ಭರಣಿಯಷ್ಟು ಪುಟ್ಟದೊಂದು ಪ್ಲಾಸ್ಟಿಕ್ ಡಬ್ಬಿ. ಮುಚ್ಚಳ ತೆಗೆದ ಕೂಡಲೇ ರಬ್ಬರಿನ ಸಣ್ಣ ವಾಸನೆ ಬಂತು. ಒಳಗಿದ್ದವು ಇಯರ್‌ಫೋನಿನ ತುದಿಗೆ ಸಿಕ್ಕಿಸುವ ರಬ್ಬರ್ ಟೋಪಿಗಳು. ದೊಡ್ಡವು ಒಂದು ಜೊತೆ, ನಡುವಿನ ಅಳತೆಯವು ಒಂದು ಜೊತೆ, ಸಣ್ಣದು ಮಾತ್ರ ಒಂಟಿ.

ನನಗೆ ಬೇಕಾಗಿದ್ದದ್ದು ದೊಡ್ಡವು, ಅವ್ವನ ಕಿವಿಗೆ. ಅವ್ವ ಹೋದ ವಾರ ಹೊಳೆನರಸೀಪುರದಿಂದ ಫೋನು ಮಾಡಿದ್ದಳು. "ನಿಮ್ಮಣ್ಣನ ಮ್ಯಾಚು ಮುಗಿಯಾಕಿಲ್ಲ, ನಂಗೆ ಟೀವಿ ಸಿಗಾಕಿಲ್ಲ. ಫೋನಲ್ಲಿ ಪ್ರವಚನ ಕೇಳಾನ ಅಂದ್ರೆ ಆ ಗಲಾಟೇಲಿ ಏನೂ ಕೇಳ್ಸಾಕಿಲ್ಲ ಕಣೆ. ಕಿವೀಗಿಟ್ಕಳದು ಒಂದು ಒಳ್ಳೇದು ನೋಡಿ ತಗಂಬಾ. ನಿಂಗೆ ಅದ್ರಲ್ಲೆಲ್ಲ ಗೊತ್ತಲ್ಲ" ಎಂದಳು.

ಗೊತ್ತು. ಹೇಗೆ ಗೊತ್ತಾಯಿತು ಎಂಬುದನ್ನು ಅವ್ವ ಮರೆತಿದ್ದಾಳೋ, ಮರೆತವಳ ಹಾಗೆ ಇದ್ದಾಳೋ, ನಾನು ಕೇಳಲಿಲ್ಲ. ಹಾಸನದ ಈ ಬಾಡಿಗೆ ಮನೆಯಲ್ಲಿ ಆ ಡಬ್ಬಿಯನ್ನು ಅಂಗೈಯಲ್ಲಿಟ್ಟುಕೊಂಡು ಸುಮ್ಮನೆ ಕೂತಿದ್ದೆ. ಒಂಟಿ ಟೋಪಿ ನನ್ನ ಅತ್ತಿಗೆಯದು. ಅಣ್ಣನ ಮೊದಲ ಹೆಂಡತಿ ಎಂದು ಈಗ ಬಿಡಿಸಿ ಹೇಳಬೇಕಾಗುತ್ತದೆ.

ಅತ್ತಿಗೆ ಅರಕಲಗೂಡಿನ ಹತ್ತಿರದ ಹಳ್ಳಿಯವಳು. ಹೊಗೆಸೊಪ್ಪು, ಶುಂಠಿ ಬೆಳೆಯುವ ಮನೆ. ಅವಳು ನಮ್ಮ ಮನೆಗೆ ಬಂದಾಗ ನಾನು ಹಾಸನದ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಅಪ್ಪ, ಅಣ್ಣ ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ನೋಡಿಕೊಳ್ಳುತ್ತಿದ್ದರು. ಮನೆಯಲ್ಲಿ ಅವ್ವನದೇ ದರ್ಬಾರು. ಸೊಸೆ ಬಂದ ಮೇಲೆ ಆ ದರ್ಬಾರಿಗೆ ಒಂದು ಕಾನೂನು ಸೇರಿಕೊಂಡಿತು. ಅವ್ವ ಎಲ್ಲಿಂದ ಕರೆದರೂ ಮೊದಲ ಕೂಗಿಗೇ ಓಗೊಡಬೇಕು. ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ದೇವರ ಮನೆಯಿಂದ, ಬಚ್ಚಲಿನಿಂದ, ಹಿತ್ತಲಿನಿಂದ "ಏ ಅಮ್ಮೀ..." ಎಂದು ಒಂದು ಎಳೆತ. ಎರಡನೆಯ ಸಲ ಕೂಗಬೇಕಾಗಿ ಬಂದರೆ ಆ ದಿನವೆಲ್ಲ ಅವ್ವನ ಮುಖ ಊದಿಕೊಂಡಿರುತ್ತಿತ್ತು. ಆ ಕಾನೂನು ನನಗಿರಲಿಲ್ಲ, ಅಣ್ಣನಿಗಂತೂ ಕೇಳುವುದೇ ಬೇಡ.

ಅತ್ತಿಗೆಗೆ ಹಾಡಿನ ಹುಚ್ಚು. ಹಾಡುತ್ತಿರಲಿಲ್ಲ, ಕೇಳುತ್ತಿದ್ದಳು. ಮೊಬೈಲ್ ಜೊತೆ ಬಂದಿದ್ದ ಬಿಳಿ ಇಯರ್‌ಫೋನನ್ನು ತವರಿನಿಂದ ತಂದಿದ್ದಳು. ಪಾತ್ರೆ ತಿಕ್ಕುವಾಗ, ರೊಟ್ಟಿ ತಟ್ಟುವಾಗ ಅದರ ಒಂದು ತುದಿ ಬಲಗಿವಿಯಲ್ಲಿರುತ್ತಿತ್ತು. ಇನ್ನೊಂದು ಎದೆಯ ಮೇಲೆ ತೂಗಾಡುತ್ತಿತ್ತು. ಅದು ಕೆಟ್ಟಿರಬೇಕು ಅಂದುಕೊಂಡು, ಹೊಸದು ತಂದುಕೊಡಲೇ ಎಂದು ಕೇಳಿದೆ.

"ಕೆಟ್ಟಿಲ್ಲ ಕಣೆ," ಎಂದು ನಕ್ಕಳು. "ಒಂದು ಕಿವಿ ಹಾಡ್ಗೆ, ಒಂದು ಕಿವಿ ಮನೇಗೆ."

ಆ ಹೊತ್ತಿಗೆ ನನಗೂ ಒಂದು ಹುಚ್ಚು ಹತ್ತಿತ್ತು. ವೇದಿಕೆಯ ಮೇಲೆ ಹಾಡುವವರು ಕಿವಿಯೊಳಗೆ ಕೂರಿಸಿಕೊಳ್ಳುತ್ತಾರಲ್ಲ, ಆ ಬಗೆಯ ಇಯರ್‌ಫೋನ್‌ಗಳು ನಮ್ಮಂಥವರ ಕೈಗೆಟುಕುವ ಬೆಲೆಗೆ ಆನ್‌ಲೈನಿನಲ್ಲಿ ಸಿಗತೊಡಗಿದ್ದವು. ಐಇಎಂ ಎನ್ನುತ್ತಾರೆ. ಒಂದೊಂದರ ಬಗ್ಗೆಯೂ ಅರ್ಧ ಗಂಟೆ ಮಾತಾಡುವ ಪುಣ್ಯಾತ್ಮರು ಯೂಟ್ಯೂಬಿನಲ್ಲಿದ್ದರು. ಬಸ್ಸಿನಲ್ಲಿ ಅವರನ್ನೇ ಕೇಳುತ್ತ ಹೋಗುತ್ತಿದ್ದೆ. ಒಂದು ತರಿಸುವುದು, ನಾಲ್ಕು ದಿನ ಮೆರೆಯುವುದು, ಕ್ಲಾಸಿನಲ್ಲಿ ಯಾರಿಗಾದರೂ ಮಾರಿ ಅದಕ್ಕಿಂತ ಒಂದು ಮೆಟ್ಟಿಲು ಮೇಲಿನದು ತರಿಸುವುದು. ಪಾರ್ಸೆಲ್ ಬರುತ್ತಿದ್ದದ್ದು ಹಾಸನದ ಗೆಳತಿಯ ಮನೆಗೆ. ಅವ್ವನ ಕಣ್ಣಿಗೆ ಬಿದ್ದಿದ್ದರೆ ಮುಗಿದೇ ಹೋಗುತ್ತಿತ್ತು.

ಎರಡನ್ನು ಪಕ್ಕಪಕ್ಕ ಇಟ್ಟು ಹೋಲಿಸುವುದಕ್ಕೆ ಜೊತೆ ಬೇಕು. ಮಧ್ಯಾಹ್ನ ಅವ್ವ ಮಲಗಿದ ಮೇಲೆ ನಾವಿಬ್ಬರೂ ಸಂಡಿಗೆ ಕಾಯುವ ನೆಪದಲ್ಲಿ ತಾರಸಿಗೆ ಹೋಗುತ್ತಿದ್ದೆವು. ಯಾವ ಇಯರ್‌ಫೋನ್ ಬಂದರೂ ಪರೀಕ್ಷೆಗೆ ಒಂದೇ ಹಾಡು. ಅತ್ತಿಗೆಯ ತಾಯಿಯ ಕಾಲದ, ಗಂಡು ಹೆಣ್ಣು ಸೇರಿ ಹಾಡಿದ ಹಳೆಯ ಸಿನಿಮಾ ಹಾಡು. ನಾನು ಯೂಟ್ಯೂಬಿನವರ ಭಾಷೆಯಲ್ಲಿ ಬಾಸು, ಟ್ರೆಬಲ್ಲು ಎಂದು ಕೊಚ್ಚಿಕೊಳ್ಳುತ್ತಿದ್ದೆ. ಅತ್ತಿಗೆ ಅಲ್ಲೂ ಬಲಗಿವಿಯೊಂದರಲ್ಲೇ, ಕಣ್ಣು ಮುಚ್ಚಿ ಕೇಳಿ ತೀರ್ಪು ಕೊಡುತ್ತಿದ್ದಳು. "ಇದ್ಯಾಕೋ ಪಕ್ಕದ ಮನೇಲಿ ರುಬ್ಬುಗುಂಡು ತಿರುಗಿಸ್ದಂಗೆ ಐತೆ." ಮತ್ತೊಂದಕ್ಕೆ, "ಈರುಳ್ಳಿ ಹೆಚ್ದಂಗೆ ಚುರ್ ಅಂತದೆ, ಬ್ಯಾಡ." ಅವಳು ಬೇಡವೆಂದದ್ದನ್ನು ನಾನು ಮಾರಿಬಿಡುತ್ತಿದ್ದೆ.

ಆದರೆ ನಮ್ಮ ಮನೆಯಲ್ಲಿ ಸಂಗೀತಕ್ಕಿಂತ ಮೊದಲು ನೋಡಬೇಕಾಗಿದ್ದದ್ದು ಬೇರೆ. ವೈರು ಕಾಣುತ್ತದೆಯೇ? ಹಾಡಿನ ಸದ್ದು ಹೊರಗೆ ಸೋರುತ್ತದೆಯೇ? ಯಾವ ಯೂಟ್ಯೂಬಿನವನೂ ಅತ್ತೆಯ ಎದುರು ಕೂರಿಸಿ ಪರೀಕ್ಷೆ ಮಾಡಿ ತೋರಿಸಿರಲಿಲ್ಲ. ಕೊನೆಗೆ ನಾವು ಮೆಚ್ಚಿದ್ದು ತಾಮ್ರದ ಬಣ್ಣದ ಒಂದು ಪುಟ್ಟ ಜೊತೆ. ಅದರ ವೈರು ಕೆಳಕ್ಕೆ ಜೋಲದೆ ಕಿವಿಯ ಮೇಲಿನಿಂದ ಹಿಂದಕ್ಕೆ ಹೋಗುತ್ತಿತ್ತು. ಜಡೆಯ ಕೆಳಗೆ ಇಳಿಬಿಟ್ಟು ಸೆರಗು ಹೊದ್ದರೆ ದೇವರಾಣೆಗೂ ಕಾಣುತ್ತಿರಲಿಲ್ಲ. ಅತ್ತಿಗೆಯ ಕಿವಿ ಸಣ್ಣದು, ಸಣ್ಣ ಟೋಪಿಗಳೇ ಬೇಕಾದವು. ಅದನ್ನು ನಾನು ಮಾರಲಿಲ್ಲ, ಅವಳಿಗೇ ಕೊಟ್ಟೆ.

ಅವತ್ತು ತಾರಸಿಯಲ್ಲಿ ಮೊದಲ ಸಲ ಎರಡೂ ಕಿವಿಗೆ ಹಾಕಿಕೊಂಡು ಆ ಹಾಡನ್ನು ಪೂರ್ತಿ ಕೇಳಿದಳು. ಹಾಡು ಮುಗಿದ ಮೇಲೂ ಕಣ್ಣು ಬಿಡಲಿಲ್ಲ. ಆಮೇಲೆ ಕೇಳಿದಳು, "ಎಡಗಡೆ ಒಂದು ಕೊಳಲು ಬತ್ತದಲ್ಲ ಕಣೆ, ಅವಳು ಒಂದ್ಸಾಲು ಹಾಡ್ತಿದ್ದಂಗೇ ಅದು ಏನೋ ಅಂತದೆ... ಇಷ್ಟ್ ದಿನ ಎಲ್ಲಿತ್ತು ಅದು?"

ಕೊಳಲು ಮೊದಲಿನಿಂದಲೂ ಅಲ್ಲೇ ಇತ್ತು. ಅವಳ ಎಡಗಿವಿ ಮಾತ್ರ ನಮ್ಮ ಮನೆಗೆ ಮೀಸಲಾಗಿತ್ತು. ಅವಳ ಕಣ್ಣಲ್ಲಿ ನೀರು ತುಂಬಿಕೊಂಡಿತ್ತು. ಕೆಳಗಿನಿಂದ "ಏ ಅಮ್ಮೀ..." ಎಂದು ಕೇಳಿಸಿದ್ದು ನನಗೆ. ಅವಳ ತೋಳು ಅಲುಗಿಸಿ ಹೇಳಿದೆ. ಅವಳು ಎದ್ದು ಮೆಟ್ಟಿಲಿಳಿದು ಓಡಿದಳು.

ಅದಾದ ಮೇಲೂ ಒಂದು ಕಿವಿಯ ಕ್ರಮ ತಪ್ಪಲಿಲ್ಲ. ಅವ್ವ ಊರಿನಲ್ಲಿಲ್ಲದ ದಿನ ಮಾತ್ರ ಎರಡೂ ಕಿವಿ. ಅವ್ವ ಮದುವೆ, ತಿಥಿ ಎಂದು ಹೊರಟರೆ ಅತ್ತಿಗೆ ನನ್ನ ಕಡೆ ನೋಡಿ ಹುಬ್ಬು ಹಾರಿಸುತ್ತಿದ್ದಳು.

ಅವರೆಕಾಯಿಯ ಕಾಲದ ಒಂದು ಭಾನುವಾರ. ಅವ್ವ ಚನ್ನರಾಯಪಟ್ಟಣದಲ್ಲಿ ನೆಂಟರ ಗೃಹಪ್ರವೇಶಕ್ಕೆ ಹೋಗಿದ್ದಳು, ಬರುವುದು ಸಂಜೆ ಎಂದಿದ್ದಳು. ನಾನು ಗೆಳತಿಯ ಮನೆಗೆ ಹಾಸನಕ್ಕೆ ಹೋಗಿದ್ದೆ. ಅಡುಗೆಮನೆಯಲ್ಲಿ ಅತ್ತಿಗೆ ನೆನೆಸಿದ ಅವರೆಕಾಳು ಹಿದುಕುತ್ತ ಕೂತಿದ್ದಳಂತೆ. ಆಮೇಲೆ ನಡೆದದ್ದನ್ನು ನನಗೆ ಹೇಳಿದ್ದು ಪಕ್ಕದ ಮನೆಯವರು. ಅವ್ವ ಯಾರದೋ ಕಾರಿನಲ್ಲಿ ಬೇಗ ಬಂದಿಳಿದು, ಪಕ್ಕದ ಗೇಟಿನಿಂದ ನೇರವಾಗಿ ಹಿತ್ತಲಿಗೆ ಕಾಲು ತೊಳೆಯಲು ಹೋದಳು. ಒಗೆಯುವ ಕಲ್ಲಿನ ಹತ್ತಿರ ಪಾಚಿಯ ಮೇಲೆ ಜಾರಿದಳು. ಮಣಿಕಟ್ಟು ಮುರಿಯಿತು, ಸೊಂಟಕ್ಕೆ ಪೆಟ್ಟಾಯಿತು. ಬಿದ್ದಲ್ಲಿಂದಲೇ "ಏ ಅಮ್ಮೀ" ಎಂದು ಕೂಗಿದಳು. ಕೂಗುತ್ತಲೇ ಇದ್ದಳು.

ಹಾಲಿನಲ್ಲಿ ಅಣ್ಣ ಮ್ಯಾಚು ನೋಡುತ್ತಿದ್ದ, ಬೀದಿಯವರಿಗೂ ಸ್ಕೋರು ಗೊತ್ತಾಗುವಷ್ಟು ಜೋರಾಗಿ. ಅಪ್ಪ ಜಗಲಿಯ ಮೇಲೆ ಗೊರಕೆ ಹೊಡೆಯುತ್ತಿದ್ದ. ಅವ್ವನ ಕೂಗು ಅವರಿಬ್ಬರಿಗೂ ಕೇಳಿಸಲಿಲ್ಲ. ಬಟ್ಟೆ ತೆಗೆಯಲು ತಾರಸಿಗೆ ಬಂದ ಪಕ್ಕದ ಮನೆಯವರಿಗೆ ಅವ್ವ ಕಂಡಳು. ಅವರು ಸುತ್ತು ಹಾಕಿಕೊಂಡು ಮುಂಬಾಗಿಲಿನಿಂದ ಓಡಿ ಬಂದು ಕಿರುಚಿದ ಮೇಲೆ ಅಣ್ಣ ಎದ್ದ. ಹಿತ್ತಲಿಗೆ ಹೋಗುವ ದಾರಿ ಅಡುಗೆಮನೆಯ ಮೂಲಕ. ಅಲ್ಲಿ ಹೆಂಡತಿಯ ಕಿವಿಯ ಹಿಂದೆ ವೈರು ಕಂಡಿತು. ಬಿದ್ದಿರುವ ತಾಯಿಯ ಹತ್ತಿರ ಹೋಗುವ ಮೊದಲು ಅವನು ನಿಂತು ಆ ವೈರು ಹಿಡಿದು ಕಿತ್ತ.

ನಾನು ಸಂಜೆ ಮನೆಗೆ ಬಂದಾಗ ಇಯರ್‌ಫೋನು ನೀರೊಲೆಯಲ್ಲಿ ಸುಟ್ಟು ಹೋಗಿತ್ತು. ಬಚ್ಚಲೆಲ್ಲ ರಬ್ಬರ್ ಸುಟ್ಟ ವಾಸನೆ. ಅತ್ತಿಗೆ ಅಡುಗೆಮನೆಯ ಗೋಡೆಗೊರಗಿ ಇನ್ನೂ ಅವರೆಕಾಳು ಹಿದುಕುತ್ತಲೇ ಇದ್ದಳು. ನನ್ನನ್ನು ಹತ್ತಿರ ಕರೆದು, "ಕಿವೀಲೇನೋ ಉಳ್ಕಂಡದೆ, ನೋಡೇ" ಎಂದಳು. ಎಡಗಿವಿಯಲ್ಲಿ ಸಣ್ಣ ಟೋಪಿ ಕಳಚಿಕೊಂಡು ಒಳಗೇ ಕೂತಿತ್ತು. ಹುಬ್ಬಿನ ಪ್ಲಕ್ಕರ್‌ನಿಂದ ಮೆಲ್ಲಗೆ ತೆಗೆದೆ. ಮಧ್ಯಾಹ್ನದಿಂದ ಅವಳು ಯಾರಿಗೂ ಹೇಳಿರಲಿಲ್ಲ.

"ಒಳ್ಳೇದೇ ಆಯ್ತು ಬಿಡು," ಎಂದಳು. "ಅರ್ಧ ಬೈಗುಳ ಕೇಳ್ಸೇ ಇಲ್ಲ."

ನಾನು ನಗಲಿಲ್ಲ. ಅವಳೇ ನಕ್ಕಳು, ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡಳು.

ಅತ್ತೆ ಬಿದ್ದು ಒದ್ದಾಡುತ್ತಿದ್ದರೆ ಸೊಸೆ ಹಾಡು ಕೇಳುತ್ತ ಕೂತಿದ್ದಳು ಎಂಬ ಮಾತು ನೆಂಟರ ಬಾಯಿಯಿಂದ ಬಾಯಿಗೆ ಚನ್ನರಾಯಪಟ್ಟಣ, ಅರಕಲಗೂಡು ಎಲ್ಲ ಸುತ್ತಿ ಬಂತು. ಅವಳ ತಂದೆಯನ್ನು ಕರೆಸಿದರು. ಹಾಲಿನಲ್ಲಿ ನಾಲ್ಕು ಜನ ಹಿರಿಯರು ಕೂತರು. ಅವಳ ತಂದೆ ಕುರ್ಚಿಯ ತುದಿಯಲ್ಲಿ ಕೂತು ಟವೆಲ್ಲು ಹಿಂಡುತ್ತಿದ್ದರು. ಕೈಗೆ ಪಟ್ಟಿ ಹಾಕಿಸಿಕೊಂಡ ಅವ್ವ ದಿವಾನದ ಮೇಲಿದ್ದಳು. ಎಲ್ಲರೂ ಬುದ್ಧಿ ಹೇಳಿ ಮುಗಿಸಿದ ಮೇಲೆ, ತಪ್ಪಾಯಿತು ಅನ್ನು ಸಾಕು ಎಂದು ಅತ್ತಿಗೆಗೆ ಹೇಳಿದರು. ಅವಳು ಬಾಗಿಲ ಹತ್ತಿರ ನಿಂತು, ತಲೆ ಎತ್ತದೆ ಕೇಳಿದಳು, "ಟೀವಿ ಎಷ್ಟು ಜೋರಾಗಿತ್ತು ಅಂತ ಯಾರಾದ್ರೂ ಕೇಳುದ್ರಾ?"

ಅಷ್ಟೇ. ಹಾಡು ಕೇಳಿದ್ದಕ್ಕಾದರೂ ಕ್ಷಮೆ ಇತ್ತೇನೋ, ಈ ಮಾತಿಗೆ ಇರಲಿಲ್ಲ. "ಎದುರುತ್ತರ ನೋಡು!" ಎಂದು ಅಣ್ಣ ಎದ್ದು ನಿಂತ. ಅವಳ ತಂದೆಯೇ "ನೀ ಸುಮ್ಕಿರವ್ವ" ಎಂದು ಗದರಿಸಿದರು. ಸ್ವಲ್ಪ ದಿನ ತವರಿನಲ್ಲಿದ್ದು ಬರಲಿ ಎಂದು ತೀರ್ಮಾನವಾಯಿತು. ಅತ್ತಿಗೆ ಒಂದು ಬ್ಯಾಗು ಹಿಡಿದು ತನ್ನ ಅಪ್ಪನ ಹಿಂದೆ ಹೊರಟಳು. ಆ ಸ್ವಲ್ಪ ದಿನ ಮುಗಿಯಲೇ ಇಲ್ಲ. ಯಾರೂ ಕರೆಯಲು ಹೋಗಲಿಲ್ಲ, ಆಮೇಲೆ ವಕೀಲರ ಕಾಗದ ಹೋಯಿತು.

ಇಯರ್‌ಫೋನು ತಂದುಕೊಟ್ಟವಳು ನಾನು, ಆದ್ದರಿಂದ ತಪ್ಪು ನನ್ನದೂ ಇದೆ ಎಂದು ಬರೆದರೆ ಓದುವವರಿಗೆ ಸಮಾಧಾನವಾಗಬಹುದು. ಬರೆಯುವುದಿಲ್ಲ. ಅತ್ತಿಗೆಯ ಪರವಾಗಿ ಅವತ್ತೂ ಬಾಯಿ ಮಾಡಿದ್ದೆ, ಅಣ್ಣನ ಕೈಲಿ ಹೊಡೆಸಿಕೊಂಡಿದ್ದೆ. ಆ ಮನೆಯಲ್ಲಿ ಅವತ್ತು ಕೂಗು ಕೇಳಿಸಿಕೊಳ್ಳದವರು ಮೂವರು. ಒಬ್ಬರು ನಿದ್ದೆಯಲ್ಲಿದ್ದರು, ಒಬ್ಬರು ಮ್ಯಾಚಿನಲ್ಲಿದ್ದರು, ಒಬ್ಬಳು ಹಾಡಿನಲ್ಲಿದ್ದಳು. ಹೊರಗೆ ಹೋದವಳು ಒಬ್ಬಳೇ.

ಕೆಲವು ವರ್ಷಗಳಾದ ಮೇಲೆ ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. ಗಾರ್ಮೆಂಟ್ಸ್ ಕೆಲಸದ ಹೆಂಗಸರ ಗುಂಪಿನಲ್ಲಿದ್ದಳು, ತೆಳ್ಳಗಾಗಿದ್ದಳು. ಕಿವಿಯಲ್ಲಿ ಹತ್ತಿ ಇತ್ತು. ನನ್ನ ಕಣ್ಣು ಅಲ್ಲಿಗೆ ಹೋದದ್ದನ್ನು ನೋಡಿ ತೆಗೆದಳು. ನನ್ನ ಬ್ಯಾಗಿನಲ್ಲಿ ಆಗ ಆ ತಾಮ್ರದ ಬಣ್ಣದ್ದಕ್ಕಿಂತಲೂ ಒಳ್ಳೆಯ ಜೊತೆಯೊಂದಿತ್ತು. ಕೊಳಲು ಇನ್ನೂ ಚೆನ್ನಾಗಿ ಕೇಳಿಸುತ್ತದೆ, ಇಟ್ಟುಕೋ ಅತ್ಗೆ ಎಂದು ಕೈಗೆ ತುರುಕಲು ಹೋದೆ.

"ಬ್ಯಾಡ ಕಣೆ," ಎಂದಳು. "ಇಡೀ ದಿನ ಮಿಷಿನ್ ಸದ್ದು ಕೇಳಿ ಕೇಳಿ ಮನೇಗೋದ್ರೆ ಏನೂ ಕೇಳ್ಸದೆ ಇದ್ರೆ ಸಾಕು ಅನ್ನುಸ್ತದೆ. ನೀ ಕೇಳು." ಅತ್ಗೆ ಅನ್ನಬೇಡ ಎಂದೂ ಹೇಳಿದಳು... ಬಸ್ಸು ಬಂತು, ಹತ್ತಿ ಹೋದಳು. ಅವತ್ತು ಕೊಟ್ಟ ನಂಬರು ಈಗ ಬೇರೆ ಯಾರದೋ ಆಗಿದೆ. ಅರಕಲಗೂಡಿನ ಕಡೆಯವರನ್ನು ಕೇಳಿದರೆ ಆ ಕೆಲಸ ಬಿಟ್ಟಳು ಎನ್ನುತ್ತಾರೆ, ಎಲ್ಲಿದ್ದಾಳೆ ಎಂದು ಹೇಳುವುದಿಲ್ಲ. ಹೇಳಬಾರದು ಎಂದು ಅವಳೇ ಹೇಳಿರಬೇಕು.

ನಿನ್ನೆ ಹೊಳೆನರಸೀಪುರಕ್ಕೆ ಹೋಗಿದ್ದೆ. ಹಾಲಿನಲ್ಲಿ ಟೀವಿ ಅದೇ ಜೋರು, ಅಣ್ಣ ಅದೇ ಸೋಫಾ. ಅವನ ಈಗಿನ ಹೆಂಡತಿ ಎರಡೂ ಕಿವಿಗೆ ವೈರಿಲ್ಲದ ಬಡ್ಸ್ ಹಾಕಿಕೊಂಡು ತನ್ನ ತಾಯಿಯ ಜೊತೆ ಮಾತಾಡುತ್ತ ದೋಸೆ ಹುಯ್ಯುತ್ತಿದ್ದಳು. ಪಾಪ, ಅವಳ ಮೇಲೆ ನನಗೆ ಸಿಟ್ಟಿಲ್ಲ. ಅವಳನ್ನು ಯಾರೂ ಏನೂ ಅನ್ನುವುದಿಲ್ಲ. ಏನಾದರೂ ಬೇಕಾದರೆ ಅವ್ವನೇ ಎದ್ದು ಬಂದು ಅವಳ ಭುಜ ತಟ್ಟುತ್ತಾಳೆ.

ದಿವಾನದ ಮೇಲೆ ಕೂತ ಅವ್ವನ ಕಿವಿಗೆ ಹೊಸ ಇಯರ್‌ಫೋನ್ ಹಾಕಿದೆ. ಅದರ ಜೊತೆ ಬಂದ ಟೋಪಿಗಳು ಸಡಿಲವಾಗಿದ್ದವು. ಹಳೆಯ ಡಬ್ಬಿಯ ದೊಡ್ಡವನ್ನು ಸಿಕ್ಕಿಸಿದೆ, ಸರಿಯಾಗಿ ಕೂತವು. ಪ್ರವಚನ ಹಚ್ಚಿದೆ. ಅವ್ವನ ಮುಖ ಮಗುವಿನ ಹಾಗೆ ಅರಳಿತು.

"ಅಯ್ಯೋ, ಎಷ್ಟ್ ಚೆಂದಾಗ್ ಕೇಳ್ತದೆ!" ಎಂದು ಕಿರುಚಿದಳು. "ಹೊರಗಿಂದು ಒಂದೂ ಕೇಳ್ಸಾಕಿಲ್ಲ ಕಣೆ!"

ನಾನು ಅವಳ ಎದುರಿಗೇ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತಿದ್ದೆ. "ಅತ್ಗೆಗೂ ಕೇಳ್ಸಿರ್ಲಿಲ್ಲ ಅವ್ವ," ಎಂದೆ. ಇನ್ನೊಂದು ಸಲವೂ ಹೇಳಿದೆ, ಸ್ವಲ್ಪ ಜೋರಾಗಿ.

ಅವ್ವ ನನ್ನ ಬಾಯಿ ಆಡಿದ್ದನ್ನು ನೋಡಿದಳು. ಹೇಗಿದೆ ಎಂದು ಕೇಳುತ್ತಿದ್ದೇನೆ ಅಂದುಕೊಂಡಳು. ನಗುತ್ತ ತಲೆಯಾಡಿಸಿ, "ಊಂ, ಊಂ, ಸರ್ಯಾಗ್ ಕೂತದೆ" ಎಂದು ಕಣ್ಣು ಮುಚ್ಚಿಕೊಂಡಳು. ಒಂಟಿ ಟೋಪಿಯ ಡಬ್ಬಿಯನ್ನು ಬ್ಯಾಗಿಗೆ ಹಾಕಿಕೊಂಡು ಹೊರಟೆ. ಬಾಗಿಲಲ್ಲಿ ನಿಂತು ಹೋಗಿ ಬರುತ್ತೇನೆ ಎಂದೆ. ಆ ಮನೆಯಲ್ಲಿ ಯಾರೂ ಓಗೊಡಲಿಲ್ಲ.