ತಿರುಪತಿ ದಾರಿಯ ಕಲ್ಲುಮಂಟಪ

೧೯೯೯ರಲ್ಲಿ ನಾನು ಚೆನ್ನೈನಲ್ಲಿ, ಹಳೆಯ ಕಟ್ಟಡಗಳನ್ನು ದುರಸ್ತಿ ಮಾಡುವ ಸಣ್ಣ ಕಂಪನಿಯೊಂದರ ಸೈಟ್ ಎಂಜಿನಿಯರ್. ಅಣ್ಣಾ ನಗರ್ ದಾಟಿ ತಿರುವಳ್ಳೂರಿನ ಕಡೆ ಹೋಗುವ ರಸ್ತೆಯಂಚಿನಲ್ಲಿ, ತಿರುಪತಿಗೆ ನಡೆದು ಹೋಗುವವರು ತಂಗುವ ಕಲ್ಲುಮಂಟಪವೊಂದಿತ್ತು. ರಸ್ತೆ ಅಗಲವಾಗಬೇಕಿತ್ತು. ಮಂಟಪವನ್ನು ಬಿಚ್ಚಿ, ಸ್ವಲ್ಪ ಹಿಂದಕ್ಕೆ ಮತ್ತೆ ನಿಲ್ಲಿಸುವ ಕೆಲಸ ನನ್ನ ಪಾಲಿಗೆ ಬಂತು.

ಅದರ ಚರಿತ್ರೆ ಹೇಳಿದವರು ಮಂಟಪದ ಪಕ್ಕದ ಮನೆಯ ಪದ್ಮಾಸನಿ ಅಮ್ಮ. ತಲೆಮಾರುಗಳಿಂದ ಮದ್ರಾಸಿನಲ್ಲಿ ನೆಲೆಸಿದ ಕನ್ನಡದ ಅಯ್ಯಂಗಾರ್ ಮನೆತನ. ತಮಿಳು ಬೆರೆಸದೆ ಅವರಿಗೆ ಕನ್ನಡ ಬಾಯಿಗೇ ಬರುತ್ತಿರಲಿಲ್ಲ. ಉಪ್ಪಿನ ವ್ಯಾಪಾರಿಯೊಬ್ಬ ಈ ದಾರಿಯಲ್ಲಿ ತಾಯಿಯನ್ನು ಬಿಸಿಲಿಗೆ ಕಳೆದುಕೊಂಡು, ಇನ್ನಾರಿಗೂ ಆ ಗತಿ ಬಾರದಿರಲೆಂದು ಕಟ್ಟಿಸಿದನಂತೆ. ರೈಲು, ಬಸ್ಸು ಬಂದಮೇಲೆ ಮಂಟಪ ಸೌದೆ ಡಿಪೋ ಆಯಿತು, ಆಮೇಲೆ ಪಂಕ್ಚರ್ ಅಂಗಡಿ. ಅಮ್ಮನ ಅತ್ತೆ ಜಗಳವಾಡಿ ಅದನ್ನು ಬಿಡಿಸಿಕೊಂಡರು. ಅಂದಿನಿಂದ ತಮಿಳರ ಪುರಟ್ಟಾಸಿ ತಿಂಗಳಲ್ಲಿ, ಅಂದರೆ ಸೆಪ್ಟೆಂಬರ್-ಅಕ್ಟೋಬರಿನ ಸುಮಾರಿಗೆ, ನಡೆದು ಬರುವವರಿಗೆ ಆ ಮನೆಯ ಹೆಂಗಸರದೇ ನೀರುಮಜ್ಜಿಗೆ.

"ತೆಗೆದದ್ದನ್ನ ಅಪ್ಪಡಿಯೇ ತಿರುಗಿ ನಿಲ್ಲಿಸ್ತೀರಾ ಸಾರ್? ನಮ್ಮ ಅತ್ತೆಗೆ ನಾನು ಮಾತು ಕೊಟ್ಟಿದೀನಿ" ಎಂದರು ಅಮ್ಮ.

"ಇದ್ದ ಹಾಗೇ ನಿಲ್ಲಿಸ್ತೀವಿ ಅಮ್ಮ."

ಬಿಚ್ಚುವ ಮುನ್ನ ಪ್ರತಿ ಕಲ್ಲಿಗೂ ನಂಬರ್ ಬರೆಯುತ್ತೇವೆ. ಆಯಿಲ್ ಪೇಂಟ್ ಆದರೆ ಹಳೆಯ ಕಲ್ಲಿನಲ್ಲಿ ಕಲೆ ಉಳಿಯುತ್ತದೆ. ಹಾಗಾಗಿ ತೊಳೆದರೆ ಹೋಗುವ ಕೆಮ್ಮಣ್ಣಿನಲ್ಲಿ ಬರೆಯುವುದು ನಮ್ಮ ಪದ್ಧತಿ. ಬಿಚ್ಚಿದ ಕಲ್ಲುಗಳನ್ನು ಅಮ್ಮನ ಹಿತ್ತಲಿನಲ್ಲೇ ಟಾರ್ಪಾಲಿನಡಿ ಇಟ್ಟೆವು. ಹೊಸ ಪಾಯ ಗಟ್ಟಿಯಾಗುವವರೆಗೆ ನನ್ನನ್ನು ತ್ರಿಪ್ಲಿಕೇನಿನ ಬೇರೆ ಕೆಲಸಕ್ಕೆ ಹಾಕಿದರು.

ಹಿಂತಿರುಗಿ ನೋಡಿದರೆ ಕಲ್ಲುಗಳ ಮೇಲೆ ಒಂದು ನಂಬರೂ ಇರಲಿಲ್ಲ. ಪುರಟ್ಟಾಸಿಗೆ ಮುಂಚೆ ಮಂಟಪ ತೊಳೆದು, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿಯುವುದು ಆ ಮನೆಯ ರೂಢಿ. ಮಂಟಪ ನಿಂತಿರಲಿ, ಬಿದ್ದಿರಲಿ, ರೂಢಿ ಬಿಡುವುದುಂಟೇ? ನಮ್ಮ ಕೆಂಪು ಬರಹ ಹೋದ ವರ್ಷದ ಪಟ್ಟೆಯ ಉಳಿಕೆಯೆಂದುಕೊಂಡು, ಅಮ್ಮ ಬೀದಿಯ ಹೆಂಗಸರನ್ನೆಲ್ಲ ಸೇರಿಸಿ ತೆಂಗಿನ ನಾರಿನಿಂದ ಉಜ್ಜಿ ತೆಗೆದಿದ್ದರು.

"ನಿಲ್ಲಿಸುವಾಗ ಅಳಗಾ, ಚೆಂದವಾಗಿ ಕಾಣಲಿ ಅಂತ" ಎಂದು ಅಮ್ಮ ನಕ್ಕರು. ಆ ಬರಹ ಏನೆಂದು ಹೇಳದೆ ನಾನು ನಕ್ಷೆ ತರಲು ಆಫೀಸಿಗೆ ಓಡಿದೆ.

ನಕ್ಷೆ ಇತ್ತು. ಒಂದೊಂದೇ ಕಲ್ಲನ್ನು ಅಳೆದು ಹೊಂದಿಸಬಹುದಿತ್ತು, ಆದರೆ ತಿಂಗಳುಗಟ್ಟಲೆ ಬೇಕು. ಮೇಲಿನವರ ಹತ್ತಿರ ಬೇಡಿದೆ, ಕೂಗಾಡಿದೆ. ಗುತ್ತಿಗೆಯ ಅವಧಿ ಮುಗಿಯಿತು ಅಂದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ. ಕಲ್ಲುಗಳು ಲಾರಿ ಹತ್ತಿ ಹೋಗಿ ಯಾವುದೋ ಚರಂಡಿಯ ಚಪ್ಪಡಿಗಳಾದವು.

ಆ ವರ್ಷ ನಡೆದು ಬಂದವರು ಬರಿ ಪಾಯದ ಮೇಲೆ, ಬಿಸಿಲಿನಲ್ಲಿ ಕೂತು ಮಜ್ಜಿಗೆ ಕುಡಿದರು. ಅಮ್ಮ ನನಗೂ ಒಂದು ಲೋಟ ಕೊಟ್ಟು, ಯಾಕೆ ನಿಲ್ಲಿಸಲಿಲ್ಲ ಎಂದು ಕೇಳಿದರು.

"ಕಲ್ಲಿನ ಮೇಲೆ ನಂಬರ್ ಬರೆದಿದ್ವಿ ಅಮ್ಮ. ಮಳೆಗೆ ಹೋಯ್ತು."

ಅವರು ನಾರು ಹಿಡಿದು ಕಲ್ಲು ಉಜ್ಜಿದ್ದ ತಮ್ಮ ಅಂಗೈ ನೋಡಿಕೊಂಡರು. "ಮಳೆಯೇ ಬರಲಿಲ್ಲವಲ್ಲ ಸಾರ್" ಎಂದರು.

ಮರುವರ್ಷದಿಂದ ಆ ಮನೆಯಲ್ಲಿ ಮಜ್ಜಿಗೆ ಮಾಡಲಿಲ್ಲ. ನಾನು ಆಮೇಲೆ ಎಷ್ಟೋ ಹಳೆಯ ಕಟ್ಟಡ ಬಿಚ್ಚಿದೆ. ಟೇಪು ಹಿಡಿಯುವ ಮೊದಲು, ಇದನ್ನು ತೊಳೆಯುವವರು ಯಾರು ಎಂದು ವಿಚಾರಿಸಿ, ಅವರ ಮನೆಗೆ ಹೋಗಿ ಕೂತು, ನಾವು ಏನು ಬರೆಯುತ್ತೇವೆ, ಯಾಕೆ ಬರೆಯುತ್ತೇವೆ ಎಂದು ಹೇಳಿ ಬರುತ್ತಿದ್ದೆ.