ಮೂರು ಊರಿಗೊಂದು ಡ್ರಮ್ ಸೆಟ್

ಮೆಟಲ್ ಸಂಗೀತವೆಂದರೆ ಲೋಕದ ಮೇಲಿನ ಬಂಡಾಯ ಎಂದು ನಂಬಿದ್ದ ಕಾಲವದು. ಆ ಬಂಡಾಯಕ್ಕೆ ನಾನು ಹೋಗುತ್ತಿದ್ದದ್ದು ವಿಟ್ಲದಿಂದ ಮೂಡುಬಿದಿರೆಗೆ, ಎರಡು ಬಸ್ಸು ಬದಲಾಯಿಸಿ, ಅಮ್ಮ ಕಟ್ಟಿಕೊಟ್ಟ ಬುತ್ತಿ ಹಿಡಿದುಕೊಂಡು. ಅದಕ್ಕೂ ಮೊದಲು, ಬಂಟ್ವಾಳ ತಾಲೂಕಿನಲ್ಲೇ ಈ ಸಂಗೀತ ಕೇಳುವವನು ನಾನೊಬ್ಬನೇ ಎಂಬ ಜಂಬವಿತ್ತು. ಅದು ಮುರಿದದ್ದೂ ಬಸ್ಸಿನಲ್ಲೇ. ಮೆಲ್ಕಾರಿನಲ್ಲಿ ಹತ್ತಿದ ಒಬ್ಬನ ಕಪ್ಪು ಟೀಶರ್ಟಿನ ಮೇಲೆ ನನ್ನದರ ಮೇಲಿದ್ದ ತಲೆಬುರುಡೆಯೇ ಇತ್ತು! ಅವನು ಬೆಳ್ತಂಗಡಿ ತಾಲೂಕಿನ ವೇಣೂರಿನವನು, ಈರುಳ್ಳಿಯನ್ನೂ ಮುಟ್ಟದ ಜೈನರ ಮನೆಯವನು. ಮುಂದೆ ನಮ್ಮ ಬ್ಯಾಂಡಿಗೆ ರಕ್ತ, ಹೆಣ, ಸ್ಮಶಾನದ ಹಾಡುಗಳನ್ನೆಲ್ಲ ಬರೆದವನು ಅವನೇ.

ಅವನಿಗೆ ಮೂಡುಬಿದಿರೆಯ ಒಬ್ಬ ಡ್ರಮ್ಮರನ ಪರಿಚಯವಿತ್ತು. ಡ್ರಮ್ ಸೆಟ್ ಮಾತ್ರ ಡ್ರಮ್ಮರನದಲ್ಲ, ಚರ್ಚಿನದು. ಅದನ್ನಿಟ್ಟ ಕೋಣೆಯ ಬೀಗದ ಕೈ ಅವನ ತಾಯಿಯ ಹತ್ತಿರ. ಚರ್ಚಿನ ಗಾಯನ ತಂಡವನ್ನು ನಡೆಸುತ್ತಿದ್ದವರು ಅವರು. ನಮ್ಮ ಹಾಡೊಂದನ್ನು ಅರ್ಧ ಕೇಳಿ ಆಂಟಿ ಕೈಯೆತ್ತಿದರು.

"ಇದು ಹಾಡಾ ಮಾರಾಯ್ರೆ? ಅಡಿಕೆ ಸುಲಿಯುವ ಮೆಶಿನಿಗೆ ಕಲ್ಲು ಸಿಕ್ಕಿದ ಹಾಗೆ ಉಂಟು. ಭಾನುವಾರ ಪೂಜೆಗೆ ಬಂದು ನಮ್ಮೊಟ್ಟಿಗೆ ಹಾಡಿ, ಮತ್ತೆ ಬೀಗದ ಕೈ ಕೊಡ್ತೇನೆ. ಆ ಬುರುಡೆ ಅಂಗಿ ಉಲ್ಟಾ ಮಾಡಿ ಹಾಕಿ, ಆಯ್ತಾ?"

ಅವರಿಗೆ ಗಂಡು ದನಿಯ ಕೊರತೆ, ನಮಗೆ ಡ್ರಮ್ಮಿನ ಕೊರತೆ. ಬುರುಡೆ ಒಳಗೆ ಹೋಗುವಂತೆ ಟೀಶರ್ಟ್ ತಿರುವಿ ಹಾಕಿಕೊಂಡು ಬೆಳಿಗ್ಗೆ ಕೊಂಕಣಿಯಲ್ಲಿ ದೇವರನ್ನು ಸ್ತುತಿಸಿದೆವು. ಮಧ್ಯಾಹ್ನ ಅದನ್ನು ಸರಿಮಾಡಿಕೊಂಡು ಅದೇ ಗಂಟಲಿನಲ್ಲಿ ಪ್ರಳಯವನ್ನು ಕರೆದೆವು. ಹೀಗೆ ಆರು ವರ್ಷ. ಪ್ರಳಯವೂ ಬರಲಿಲ್ಲ, ಒಂದೇ ಒಂದು ಕಾರ್ಯಕ್ರಮಕ್ಕೆ ಕರೆಯೂ ಬರಲಿಲ್ಲ. ಒಮ್ಮೆಯಾದರೂ ಜನರೆದುರು ನುಡಿಸಬೇಕೆಂಬ ಆಸೆ ಮೂವರನ್ನೂ ಕೊರೆಯುತ್ತಿತ್ತು. ಆಂಟಿಗೆ ಅದು ಗೊತ್ತಿತ್ತು.

"ಎಲ್ಲಿ ನಿಮ್ಮ ಪ್ರೋಗ್ರಾಮು? ನಾನು ಎಲ್ಲರಿಂದ ಮುಂದೆ ಕೂತುಕೊಳ್ತೇನೆ, ಕಿವಿಗೆ ಹತ್ತಿ ಇಟ್ಟು" ಎಂದು ಪ್ರತಿ ವಾರ ಚುಚ್ಚುತ್ತಿದ್ದರು. ಚುಚ್ಚಿದ ಮೇಲೆ ಚಹಾ ಕೊಡುತ್ತಿದ್ದರು.

ಕಳೆದ ವರ್ಷ ಆಂಟಿ ತೀರಿಕೊಂಡರು. "ನೀವಿಬ್ಬರೂ ಬನ್ನಿ. ಅಮ್ಮನ ಕೊನೆಯ ಪೂಜೆಗೆ ನಾವೇ ಹಾಡುವ" ಎಂದಷ್ಟೇ ಡ್ರಮ್ಮರ್ ಫೋನಿನಲ್ಲಿ ಹೇಳಿದ. ಮೂವರೂ ಕಪ್ಪು ಟೀಶರ್ಟಿನಲ್ಲೇ ಇದ್ದೆವು. ಯಾರೂ ಹೇಳಿರದಿದ್ದರೂ ಮನೆಯಿಂದಲೇ ತಿರುವಿ ಹಾಕಿಕೊಂಡು ಬಂದಿದ್ದೆವು.

ಚರ್ಚ್ ಕಿಕ್ಕಿರಿದಿತ್ತು. ಬ್ಯಾಂಡಿನ ಮೂವರೂ ಜನರೆದುರು ಸಾಲಾಗಿ ನಿಂತೆವು. ಎಲ್ಲರಿಗಿಂತ ಮುಂದೆ, ಪೆಟ್ಟಿಗೆಯಲ್ಲಿ, ಆಂಟಿ ಮಲಗಿದ್ದರು. ಹೇಳಿದ ಹಾಗೆಯೇ ಕಿವಿಯಲ್ಲಿ ಹತ್ತಿ ಇತ್ತು.