ಹತ್ತು ಕಾಯಿ, ಒಂದು ತಪ್ಪು

ಚಾರ್ಟ್ ಶೀಟ್ ಎಂಬ ವಸ್ತುವಿನ ಹಟಮಾರಿತನ ನಿಮಗೂ ಗೊತ್ತಿರಬಹುದು. ಅಂಗಡಿಯವನು ಅದನ್ನು ಸುರುಳಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ ಕೊಟ್ಟನೆಂದರೆ ಮುಗಿಯಿತು, ಆಮೇಲೆ ನೀವು ಎಷ್ಟೇ ಸಲ ಬಿಡಿಸಿ, ಅಂಗೈಯಲ್ಲಿ ಸವರಿ, ನೆಲದ ಮೇಲೆ ಹಾಸಿದರೂ ಕೈ ತೆಗೆದ ಮರುಕ್ಷಣ ಅದು ಮತ್ತೆ ಸುರುಳಿಯಾಗಿ ಕೂತುಬಿಡುತ್ತದೆ. ಆದ್ದರಿಂದ ಚಾರ್ಟ್ ಬರೆಯುವ ಪ್ರತಿ ಗುಂಪಿನಲ್ಲೂ ಬರೆಯುವವರು ಒಬ್ಬರು, ಬಣ್ಣ ತುಂಬುವವರು ಒಬ್ಬರು, ಹೀಗೆ ಬರೆ ಹಾಗೆ ಬರೆ ಎಂದು ಅಪ್ಪಣೆ ಕೊಡುವವರು ಇಬ್ಬರು ಇದ್ದರೆ, ಮೂಲೆ ಒತ್ತಿ ಹಿಡಿದು ಕೂರುವವರು ಒಬ್ಬರಾದರೂ ಇರಲೇಬೇಕಾಗುತ್ತದೆ. ನಾನು ಹೈಸ್ಕೂಲಿನ ಮೊದಲೆರಡು ವರ್ಷ ಮೂಲೆ ಹಿಡಿದವಳು. ಸೌರವ್ಯೂಹದ ಮೂಲೆ, ಜೀರ್ಣಾಂಗವ್ಯೂಹದ ಮೂಲೆ, ವಿಜಯನಗರ ಸಾಮ್ರಾಜ್ಯದ ಮೂಲೆ, ಯಾವುದನ್ನೂ ನಾನು ಬಿಟ್ಟಿಲ್ಲ.

ಈಗ ತಿಪಟೂರಿನಲ್ಲಿ ಬಿ.ಎಡ್. ಓದುತ್ತಿದ್ದೇನೆ. ನಾಳೆ ಪಾಠ ಮಾಡಬೇಕಾದವರು ನಾವೆಂಬ ಕಾರಣಕ್ಕೆ ಕಲಿಕಾ ಚಟುವಟಿಕೆಗಳ ಕುರಿತು ನಮಗೆ ಹೇರಳವಾಗಿ ಉಪನ್ಯಾಸಗಳಾಗುತ್ತವೆ. ಗುಂಪು ಚರ್ಚೆಯ ಮಹತ್ವವನ್ನು ಇಡೀ ಅವಧಿ ತಾವೊಬ್ಬರೇ ಮಾತನಾಡಿ ಮನದಟ್ಟು ಮಾಡಿಸಿದ ಗುರುಗಳೂ ನಮಗಿದ್ದಾರೆ. ಕಳೆದ ವಾರ ಅವರೇ, ನೀವು ವಿದ್ಯಾರ್ಥಿಗಳಾಗಿದ್ದಾಗ ಅನುಭವಿಸಿದ ಚಟುವಟಿಕೆಗಳ ಬಗ್ಗೆ ನಾಲ್ಕು ಪುಟ ಬರೆದು ತನ್ನಿ ಎಂದರು. ಗೆಳತಿಯರು ಗೈಡು ತೆರೆದು ಕೂತರು. ನನಗೆ ಅದರ ಅಗತ್ಯ ಬೀಳಲಿಲ್ಲ, ಏಕೆಂದರೆ ಗೈಡು ಬರೆದವರಿಗೆ ಸಿಗದ ಒಂದು ಚಟುವಟಿಕೆ ನನ್ನ ಪಾಲಿಗೆ ಬಂದಿದೆ, ಮತ್ತು ಆ ಕುರಿತು ನನಗೆ ಸಾಕಷ್ಟು ಜಂಬವೂ ಇದೆ. ಜಂಬ ಕೊಚ್ಚಿಕೊಳ್ಳುವವರ ಮಾತು ಕೇಳಲು ನಿಮಗೆ ಬೇಸರವಿಲ್ಲದಿದ್ದರೆ ಮುಂದೆ ಓದಿ.

ಒಂಬತ್ತನೆಯ ತರಗತಿಗೆ ವಿಜ್ಞಾನ ಕಲಿಸಲು ಬಂದವರು ಶರ್ಮಿಳಾ ಮೇಡಂ, ಕುಂದಾಪುರದ ಕಡೆಯವರು. ಅಲ್ಲಿಯವರೆಗೆ ವಿಜ್ಞಾನವೆಂದರೆ ಕೈ ನೋಯುವಷ್ಟು ನೋಟ್ಸು ಬರೆದುಕೊಳ್ಳುವ ವಿದ್ಯೆ ಎಂದು ನಂಬಿದ್ದ ನಮ್ಮನ್ನು ಅವರು ಬಂದ ವಾರದಲ್ಲೇ ಮೈದಾನಕ್ಕೆ ಎಬ್ಬಿಸಿಕೊಂಡು ಹೋಗಿ, ಸುಣ್ಣದ ಪುಡಿಯಲ್ಲಿ ನಾಲ್ಕು ಕೋಣೆಗಳ ದೊಡ್ಡದೊಂದು ಹೃದಯ ಬರೆದರು. ಬೇವಿನ ಮರ ಶ್ವಾಸಕೋಶವಾಯಿತು. ಹುಡುಗರು ನೀಲಿ ರಿಬ್ಬನ್ ಕಟ್ಟಿಕೊಂಡು ಹೃದಯದ ಬಲಗಡೆಯಿಂದ ಮರದತ್ತ ಓಡಿ, ಅಲ್ಲಿ ಕೆಂಪು ರಿಬ್ಬನ್‌ಗೆ ಬದಲಾಯಿಸಿಕೊಂಡು ಎಡಗಡೆಗೆ ವಾಪಸು ಬರಬೇಕಿತ್ತು. ಮಾತಿಲ್ಲದ ಪಾತ್ರ ಕೊಡಿ ಎಂದು ಬೇಡಿಕೊಂಡ ನನ್ನನ್ನು ಕವಾಟ ಮಾಡಿದರು. ಹೋಗುವವರಿಗೆ ಕೈ ತೆರೆಯುವುದು, ಹಿಂದಕ್ಕೆ ಬರಲು ನೋಡುವವರಿಗೆ ಅಡ್ಡ ಹಿಡಿಯುವುದು, ಇಷ್ಟೇ ನನ್ನ ಕೆಲಸ. ಆ ದಿನ ದಾಂಡಿಗರಾದ ಇಬ್ಬರು ರಕ್ತಕಣಗಳನ್ನು ತಡೆದು ನಿಲ್ಲಿಸಿದ ನನ್ನ ತೋಳುಗಳು, ಕವಾಟ ಎಂಬ ಪದ ಕಣ್ಣಿಗೆ ಬಿದ್ದರೆ ಇಂದಿಗೂ ತಾವಾಗಿಯೇ ಮೇಲೇಳುತ್ತವೆ. ಮೈ ಕಲಿತದ್ದನ್ನು ಮನಸ್ಸು ಮರೆಯುವುದಿಲ್ಲವೆಂದು ಆಮೇಲೆ ಎಲ್ಲೆಲ್ಲೋ ಓದಿದೆ, ನನಗೆ ಅದು ಹೊಸ ವಿಷಯವೇನಾಗಿರಲಿಲ್ಲ.

ಆದರೆ ಎಲ್ಲ ಚಟುವಟಿಕೆಗಳಲ್ಲೂ ಕವಾಟಗಳಿರುವುದಿಲ್ಲವಲ್ಲ! ಚರ್ಚಾಸ್ಪರ್ಧೆ, ರಸಪ್ರಶ್ನೆ, ಸೆಮಿನಾರು ಎಂದರೆ ನನ್ನ ಬಾಯಿಗೆ ಬೀಗ ಬೀಳುತ್ತಿತ್ತು. ಉತ್ತರ ಗೊತ್ತಿಲ್ಲದೆ ಅಲ್ಲ. ನಮ್ಮ ಹಟ್ಟಿಯಿಂದ ಹೊನ್ನವಳ್ಳಿ ದಾರಿಯ ಆ ಶಾಲೆಗೆ ಬಸ್ಸು ಹತ್ತಿ ಬರುತ್ತಿದ್ದವಳು ನಾನೊಬ್ಬಳೇ, ಬಾಯಿ ಬಿಟ್ಟರೆ ಹಟ್ಟಿಯ ಮಾತು ಹೊರಬೀಳುತ್ತದೆ, ಮಾತಿನ ಹಿಂದೆಯೇ ಮನೆಯೂ ಹೊರಬೀಳುತ್ತದೆ ಎಂಬ ಅಂಜಿಕೆ. ನಮ್ಮಮ್ಮ ಜಯಮ್ಮ ತೋಟದವರ ಮನೆಗಳಿಗೆ ಹೋಗಿ ಕೊಬ್ಬರಿ ಒಡೆಯುವ ಕೆಲಸ ಮಾಡುತ್ತಿದ್ದಳು. ಸಿಪ್ಪೆಯ ಕರೆ ಹಿಡಿದು ಅವಳ ಬೆರಳುಗಳು ಕಂದಿಹೋಗಿದ್ದವು, ಯಾವ ಸೋಪಿಗೂ ಅದು ಬಿಡುತ್ತಿರಲಿಲ್ಲ. ಆ ಬೆರಳುಗಳನ್ನು ನಾನು ಯಾರಿಗೂ ತೋರಿಸಬಯಸುತ್ತಿರಲಿಲ್ಲ.

ಕುಟುಂಬ ಸಮೀಕ್ಷೆ ಎಂಬ ಚಟುವಟಿಕೆ ಬಂದಾಗ ನಾನು ಮಾಡಿದ್ದನ್ನು ಹೇಳಿಬಿಡುತ್ತೇನೆ. ತಾಯಿಯ ಉದ್ಯೋಗ ಎಂಬ ಗೆರೆಯ ಮುಂದೆ ದುಂಡಗಿನ ಅಕ್ಷರದಲ್ಲಿ ಟೈಲರಿಂಗ್ ಎಂದು ಬರೆದೆ. ಹೊಲಿಗೆ ಯಂತ್ರವಿರಲಿ, ನಮ್ಮ ಮನೆಯಲ್ಲಿ ಒಂದು ನೆಟ್ಟಗಿನ ಕತ್ತರಿಯೂ ಇರಲಿಲ್ಲ. ಆ ಸಮೀಕ್ಷೆಯಿಂದ ಕಂಬನಕ್ಷೆ ಬರೆದು ಗೋಡೆಗೆ ಅಂಟಿಸಿದರು, ಟೈಲರಿಂಗಿನ ಕಂಬ ನನ್ನ ಸುಳ್ಳಿನಿಂದಾಗಿ ಒಂದು ಚೌಕ ಎತ್ತರವಾಗಿ ನಿಂತಿತ್ತು. ದಿನವೂ ಅದರ ಎದುರೇ ಕೂರಬೇಕಾದಾಗ ನನಗೆ ಹಿಂಸೆಯಾಗುತ್ತಿತ್ತು, ಆದರೆ ಅದನ್ನು ಸರಿಪಡಿಸುವಷ್ಟು ಹಿಂಸೆ ಆಗುತ್ತಿರಲಿಲ್ಲ.

ಹೀಗಿರುವಾಗ ಆವಿಯಾಗುವಿಕೆಯ ಪಾಠ ಬಂತು. ಬಿಸಿಲು ಹೆಚ್ಚಿದ್ದರೆ ತೇವ ಬೇಗ ಆರುತ್ತದೆ ಎನ್ನುವುದಕ್ಕೆ ಉದಾಹರಣೆಯಾಗಿ ಮೇಡಂ, ಕಾಯಿಯನ್ನು ಎರಡು ಹೋಳು ಮಾಡಿ ಅಂಗಳದಲ್ಲಿ ಒಣಗಿಸಿದರೆ ಕೊಬ್ಬರಿಯಾಗುತ್ತದಲ್ಲ, ಹಾಗೆ, ಎಂದರು. ತರಗತಿಯಲ್ಲಿ ಗೊಳ್ಳೆಂದು ನಗು ಎದ್ದಿತು. ಅವರ ಊರಿನಲ್ಲಿ ಹಾಗೆ ಮಾಡುತ್ತಾರಂತೆ. ಆದರೆ ತಿಪಟೂರಿನ ಸೀಮೆಯಲ್ಲಿ ಹುಟ್ಟಿದ ಮಕ್ಕಳಿಗೆ, ಸಿಪ್ಪೆ ಸಮೇತ ಅಟ್ಟ ಹತ್ತಿಸಿದ ಕಾಯಿ ತಿಂಗಳುಗಟ್ಟಲೆ ಕತ್ತಲಲ್ಲಿ ಕೂತು ತಾನಾಗಿಯೇ ಉಂಡೆ ಕೊಬ್ಬರಿಯಾಗುತ್ತದೆಂಬುದು ಹೇಳಿಕೊಡಬೇಕಾದ ಸಂಗತಿಯೇ ಅಲ್ಲ. ಗುಂಪಿನ ನಾಯಕಿ, ಮಾತಿನ ಮಲ್ಲಿ ಲಾವಣ್ಯ ಎದ್ದು ನಿಂತಳು.

"ಒಡೆಯಂಗೇ ಇಲ್ಲ ಮಿಸ್. ಬಿಸ್ಲೂ ಬೇಡ. ಅಟ್ಟದಲ್ಲಿ ಮಡಗಿದ್ರೆ ನೀರು ತಾನೇ ಇಂಗೋಯ್ತದೆ."

"ಮುಚ್ಚಿದ ಕಾಯಿಯ ಒಳಗಿನ ನೀರು ಎಲ್ಲಿಗೆ ಹೋಗುತ್ತದೆ ಮಾರಾಯ್ತಿ? ಕೊಳೆಯುತ್ತದೆ ಅಷ್ಟೆ" ಎಂದು ಮೇಡಂ ನಕ್ಕರು. ಆದರೆ ಅವರ ದೊಡ್ಡಗುಣ ನೋಡಿ, ನಕ್ಕು ಅಲ್ಲಿಗೇ ಬಿಡಲಿಲ್ಲ. ನೀವು ಹೇಳಿದ್ದು ನಿಜವಾದರೆ ನನಗೆ ಸಾಬೀತು ಮಾಡಿ ತೋರಿಸಿ, ಊಹೆ, ಪರೀಕ್ಷೆ, ತೀರ್ಮಾನ ಮೂರೂ ಇರಬೇಕು, ಬಲ್ಲವರನ್ನು ಬೇಕಾದರೆ ಕರೆತನ್ನಿ ಎಂದರು. ಲಾವಣ್ಯಳ ತಾತ ರುದ್ರಪ್ಪನವರು ದೊಡ್ಡ ತೋಟದವರು, ಅವರೇ ಶನಿವಾರ ಬಂದು ತೋರಿಸುವುದೆಂದು ತೀರ್ಮಾನವಾಯಿತು. ಅಕ್ಷರ ಚೆನ್ನಾಗಿದೆಯೆಂದು, ಜೊತೆಗೆ ಬಾಯಿ ಬಿಡುವ ಅಗತ್ಯವಿಲ್ಲವೆಂದು, ಕಪ್ಪುಹಲಗೆಯ ಮೇಲೆ ಫಲಿತಾಂಶ ಬರೆಯುವ ಕೆಲಸ ನನಗೆ ಬಂತು.

ಶನಿವಾರ ಆಟೋ ಬಂದು ನಿಂತಾಗ ಅದರಿಂದ ಮೊದಲು ಇಳಿದವರು ರುದ್ರಪ್ಪನವರು. ಆಮೇಲೆ ಸುಲಿದ ಕಾಯಿಗಳ ಚೀಲ ಇಳಿಯಿತು. ಚೀಲದ ಹಿಂದೆ, ಒಡೆಯುವ ಮಚ್ಚನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಇಳಿದವಳು ನಮ್ಮಮ್ಮ. ಅಂದು ಅವಳಿಗೆ ಅವರ ಮನೆಯ ಕೆಲಸವೆಂದು ನನಗೆ ಗೊತ್ತಿತ್ತು, ಅವಳನ್ನು ಶಾಲೆಗೇ ಕರೆತರುತ್ತಾರೆಂದು ಗೊತ್ತಿರಲಿಲ್ಲ. ನಮಗೆಲ್ಲಿ ಬತ್ತದೆ ಈ ವಿದ್ಯೆ, ನಾವು ತೋಟ ನೋಡ್ಕಂಡಿರೋರು, ಕೊಬ್ರಿ ಸಮಾಚಾರ ಏನಿದ್ರೂ ಈಯಮ್ಮಂದು ಎಂದು ರುದ್ರಪ್ಪನವರು ಹೇಳುತ್ತಿದ್ದಂತೆ ಅಮ್ಮ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದಳು. ನನ್ನನ್ನು ನೋಡಿದಳು. ಅವಳ ಮುಖ ಅರಳಬೇಕೆನ್ನುವಷ್ಟರಲ್ಲಿ ನಾನು ಕಣ್ಣು ತಗ್ಗಿಸಿಬಿಟ್ಟೆ.

ಅಮ್ಮನಿಗೆ ಅಷ್ಟೇ ಸಾಕಾಯಿತು. ಗೋಣಿತಾಟು ಹಾಸಿಕೊಂಡು ನೆಲದ ಮೇಲೆ ಕೂತಳು, ಇನ್ನೊಮ್ಮೆ ನನ್ನ ಕಡೆ ತಿರುಗಲಿಲ್ಲ. ಪರಿಚಯವೇ ಇಲ್ಲದವಳಂತೆ ಇದ್ದುಬಿಟ್ಟಳು. ಗೋಡೆಯ ಮೇಲಿನ ಕಂಬನಕ್ಷೆಯನ್ನು ಅವಳು ಓದಬಲ್ಲಳು, ನಾಲ್ಕನೆಯ ತರಗತಿಯವರೆಗೆ ಕಲಿತವಳು. ಓದಿದಳೋ ಇಲ್ಲವೋ ನಾನು ಇಂದಿಗೂ ಕೇಳಿಲ್ಲ. 

ಹತ್ತು ಕಾಯಿಗಳನ್ನು ಸಾಲಾಗಿ ಇಟ್ಟರು. ಅಮ್ಮ ಮೊದಲನೆಯದನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಚಿಪ್ಪು ಬಿಟ್ಟ ಕೊಬ್ಬರಿ ಒಳಗೆ ಉರುಳಿ ಗುಡುಗುಡು ಸದ್ದು ಬಂತು. "ಇದಾಗೈತೆ" ಎಂದಳು. ಎರಡನೆಯದರಲ್ಲಿ ನೀರು ಕುಲುಕಿತು. "ಇದಿನ್ನೂ ಆಗಿಲ್ಲ." ಹೀಗೆ ಒಂದೊಂದನ್ನೂ ಕೇಳಿ, ತೂಗಿ, ಉಗುರಿನಲ್ಲಿ ತಟ್ಟಿ ಹೇಳುತ್ತ ಹೋದಳು, ನಾನು ಹಲಗೆಯ ಮೇಲೆ ಊಹೆ ಎಂಬ ಸಾಲಿನಲ್ಲಿ ಬರೆಯುತ್ತ ಹೋದೆ. ಆಮೇಲೆ ಮಚ್ಚಿನ ಹಿಂಬದಿಯಿಂದ ಕಾಯಿಯನ್ನು ತಿರುಗಿಸುತ್ತ ತಿರುಗಿಸುತ್ತ ನಾಲ್ಕು ಏಟು ಹಾಕಿದಳು. ಚಿಪ್ಪು ಬಿರಿದು ಕಳಚಿಕೊಂಡು, ಒಂದು ಗೀರೂ ಬೀಳದ ಇಡೀ ಕೊಬ್ಬರಿ ಅವಳ ಅಂಗೈಯಲ್ಲಿ ಉಳಿಯಿತು. ಮೇಡಂ ಕುರ್ಚಿಯಿಂದ ಎದ್ದು ಬಂದು ಅದನ್ನು ಕಿವಿಯ ಬಳಿ ಅಲ್ಲಾಡಿಸಿ ನೋಡಿ, ಒಳಗೆ ಒಂದು ಹನಿ ನೀರಿಲ್ಲವಲ್ಲ ಎಂದು ಚಿಕ್ಕ ಮಕ್ಕಳಂತೆ ಬೆರಗುಪಟ್ಟರು. ಆಗದ ಕಾಯಿ ಒಡೆದಾಗ ಅಮ್ಮ ಹೇಳಿದಂತೆಯೇ ನೀರು ಚೆಲ್ಲಿತು. ಎಂಟು ಕಾಯಿ, ಎಂಟೂ ಸರಿ. ಹುಡುಗರು ಚಪ್ಪಾಳೆ ತಟ್ಟುತ್ತಿದ್ದರು, ರುದ್ರಪ್ಪನವರು ತಾವೇ ಒಡೆದವರಂತೆ ಮೀಸೆ ತಿರುವುತ್ತಿದ್ದರು, ನಾನು ಯಾರಿಗೂ ಕಾಣದಂತೆ ಹಲಗೆಯ ಕಡೆ ಮುಖ ಮಾಡಿ ಹಿಗ್ಗುತ್ತಿದ್ದೆ.

ಒಂಬತ್ತನೆಯದು ಆಗೈತೆ ಎಂದು ಹೇಳಿದ್ದ ಕಾಯಿ. ಒಡೆದರೆ ಒಳಗೆ ನೀರೇನೋ ಇರಲಿಲ್ಲ, ಆದರೆ ಕೊಬ್ಬರಿಯ ಒಂದು ಮಗ್ಗುಲು ಕಪ್ಪಗೆ ಕೊಳೆತು ನಾರುತ್ತಿತ್ತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆ ನಗು ನನ್ನ ಬೆನ್ನಿಗೆ ಬಂದು ಬಡಿಯಿತು. ನಾನು ಹಿಂದೆಮುಂದೆ ನೋಡದೆ ಒಂಬತ್ತರ ಮುಂದೆ ಸರಿ ಎಂದು ಬರೆದೆ. ನೀರು ಇಂಗಿದೆಯಲ್ಲ, ಅಷ್ಟು ಸಾಲದೇ? ನಮ್ಮಮ್ಮನಿಗೆ ಹತ್ತಕ್ಕೆ ಹತ್ತು ಬರಲಿ, ಯಾರೂ ನಗದಿರಲಿ, ಅಷ್ಟೇ ನನಗೆ ಬೇಕಾಗಿದ್ದದ್ದು.

"ಅದು ಸರಿ ಅಲ್ಲ ಕಣವ್ವ" ಎಂದಳು ಅಮ್ಮ, ಯಾವುದೋ ಮನೆಯ ಮಗುವಿಗೆ ಹೇಳುವಂತೆ. "ನಾನು ಆಗೈತೆ ಅಂದ್ರೆ ಚೆಂದಾಗಿರೋ ಕೊಬ್ರಿ ಅಂತ. ಇದು ಕೊಳ್ತೈತೆ. ತಪ್ಪು ಅಂತ್ಲೇ ಬರಿ."

"ಒಂದು ತಾನೇ, ಬುಡು ಜಯಮ್ಮ" ಎಂದರು ರುದ್ರಪ್ಪನವರು.

"ಮಕ್ಳು ಕಲಿಯಾಕೆ ಬರ್ಕಂತಾವ್ರೆ ಗೌಡ್ರೆ. ಸುಳ್ಳು ಬರ್ಸಾದು ಬ್ಯಾಡ."

ನೋಡಿ, ಆ ಹೊತ್ತಿಗೆ ಅದೇ ಕೋಣೆಯ ಗೋಡೆಯ ಮೇಲೆ ನಾನು ಬರೆಸಿದ ಸುಳ್ಳೊಂದು ಬಣ್ಣ ತುಂಬಿಸಿಕೊಂಡು ನಿಂತಿತ್ತು. ಅಮ್ಮನಿಗೆ ಅಂಥ ಅನುಕೂಲದ ಅಕ್ಷರಗಳ ಅಭ್ಯಾಸವೇ ಇರಲಿಲ್ಲ. ತಾನು ತಪ್ಪಿದೆನೆಂದು ಮಕ್ಕಳೆದುರು, ತೋಟದ ಯಜಮಾನರೆದುರು ಹೇಳುವಾಗ ಅವಳ ದನಿ ಒಂದಿಷ್ಟೂ ಕುಗ್ಗಲಿಲ್ಲ. ಪ್ರಯೋಗವೆಂದರೇನು ಎಂದು ಬಿ.ಎಡ್.ನಲ್ಲಿ ಯಾರಾದರೂ ವ್ಯಾಖ್ಯಾನ ಕೇಳಿದರೆ ನಾನು ಪುಸ್ತಕದ್ದನ್ನೇ ಬರೆಯುತ್ತೇನೆ, ಅಂಕ ಬೇಕಲ್ಲ. ಆದರೆ ಬರೆಯುವಾಗ ನನ್ನ ಕಣ್ಣೆದುರು ಬರುವುದು ಕಂದಿದ ಬೆರಳಿನಿಂದ ಹಲಗೆಯತ್ತ ತೋರಿಸುತ್ತ ಅಳಿಸಿ ಬರೆ ಎನ್ನುತ್ತಿರುವ ಆ ಹೆಂಗಸು. ನಾನು ಸರಿ ಎಂಬುದನ್ನು ಅಂಗೈಯಲ್ಲೇ ಒರೆಸಿ ತಪ್ಪು ಎಂದು ಬರೆದೆ. ಹತ್ತನೆಯದು ಸರಿಯಾಗಿತ್ತು.

ಈಗ ತೀರ್ಮಾನ ಯಾರು ಹೇಳುತ್ತೀರಿ ಎಂದು ಮೇಡಂ ಕೇಳಿದಾಗ ವಾಡಿಕೆಯಂತೆ ಲಾವಣ್ಯ ಎದ್ದಳು. ಅವಳಿಗಿಂತ ಮುಂಚೆ ಒಂದು ದನಿ ಕೇಳಿಸಿತು, ಅದು ನನ್ನದೇ ಎಂದು ತಿಳಿಯಲು ನನಗೂ ಒಂದು ಗಳಿಗೆ ಬೇಕಾಯಿತು.

"ಹತ್ರಲ್ಲಿ ಒಂಬತ್ತು ಸರಿ, ಒಂದು ತಪ್ಪು ಮಿಸ್. ನೀರು ಇಂಗೈತಾ ಇಲ್ವಾ ಅನ್ನೋದು ಸದ್ದಲ್ಲಿ ಗೊತ್ತಾಯ್ತದೆ. ಕೊಬ್ರಿ ಕೊಳ್ತೈತಾ ಅನ್ನೋದು ಸದ್ದೊಂದ್ರಲ್ಲೇ ಗೊತ್ತಾಗಲ್ಲ. ಅದ್ಕೇ ಒಂಬತ್ತನೇದು ತಪ್ಪೋಯ್ತು."

ಐತೆ, ಗೈತೆ ಎಲ್ಲವೂ ಹೊರಬಿದ್ದಿದ್ದವು. ಯಾರೂ ನಗಲಿಲ್ಲ. ಮೇಡಂ ನನ್ನನ್ನು ಮೊದಲ ಸಲ ನೋಡುವವರಂತೆ ನೋಡುತ್ತಿದ್ದರು. ನಿಂತ ಮೇಲೆ ಉಳಿದದ್ದನ್ನೂ ಹೇಳಿಬಿಡಬೇಕೆನ್ನಿಸಿತು. 

"ಇವ್ರು ನಮ್ಮಮ್ಮ ಮಿಸ್. ಸರ್ವೆಲಿ ಟೈಲರಿಂಗ್ ಅಂತ ಸುಳ್ಳು ಬರ್ದಿದ್ದೆ. ನಮ್ಮಮ್ಮ ಕೊಬ್ರಿ ಒಡೀತಾರೆ."

ನನಗೆ ಅಳು ಬರುತ್ತದೆಂದುಕೊಂಡಿದ್ದೆ, ಬಂದದ್ದು ಜಂಬ. ಒಂಬತ್ತು ಕಾಯಿಗಳ ಗುಟ್ಟನ್ನು ಒಡೆಯದೆಯೇ ಕೇಳಿ ಹೇಳಿದವಳ, ಉಳಿದೊಂದರ ಸೋಲನ್ನು ತಾನಾಗಿಯೇ ಬರೆಸಿದವಳ ಮಗಳು ನಾನು ಎಂಬ ಜಂಬ. ಅದು ಅಂದು ತಲೆಗೇರಿದ್ದು ಇನ್ನೂ ಇಳಿದಿಲ್ಲ, ಇಳಿಸುವ ಇರಾದೆಯೂ ನನಗಿಲ್ಲ.

ಮೇಡಂ ಅಮ್ಮನ ಪಕ್ಕದಲ್ಲಿ, ಚಿಪ್ಪಿನ ಚೂರುಗಳ ನಡುವೆಯೇ ನೆಲದ ಮೇಲೆ ಕೂತರು.

"ನಿಮ್ಮ ಮಗಳಾ? ಆಗಿನಿಂದ ಇಲ್ಲೇ ಇದ್ದೀರಿ, ಒಂದು ಮಾತೂ ಹೇಳಲಿಲ್ಲವಲ್ಲ ಜಯಮ್ಮ!"

ಅಮ್ಮ ಮಚ್ಚನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದಳು. ಆಗ ನನ್ನ ಕಡೆ ತಿರುಗಿ, ಬಾಗಿಲಲ್ಲಿ ನಾನು ತಡೆದುಬಿಟ್ಟಿದ್ದ ಆ ನಗುವನ್ನು ಪೂರ್ತಿಯಾಗಿ ನಕ್ಕಳು.

"ಅವ್ಳೇ ಹೇಳ್ಲಿ ಅಂತ ಸುಮ್ಕಿದ್ದೆ ಕಣ್ರವ್ವ. ನಾನೇ ಹೇಳ್ಬುಟ್ಟಿದ್ರೆ ಅವ್ಳು ಯಾವಾಗ ಕಲಿಯಾದು?"